ಬೆರಳಚ್ಚಿನಲ್ಲಿ ಮಕ್ಕಳ ಸ್ವಭಾವ ಓದುವವರ ಮಾತಿಗೆ ಪತ್ರಿಕೆ ಜಾಗ ಕೊಡದಿರಲಿ

ಸಂಪಾದಕರಿಗೆ ನಮಸ್ಕಾರಗಳು.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳಿಗೆ ಯಾವ ಕೋರ್ಸ್ ಹೊಂದುತ್ತದೆ ಎಂಬುದನ್ನು ಅವರ ವ್ಯಕ್ತಿತ್ವ ನೋಡಿ ನಿರ್ಧರಿಸಬಹುದು ಎನ್ನುವ ಲೇಖನವೊಂದು ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಪ್ರಕಟವಾಗಿತ್ತು. ಮಕ್ಕಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಒಂದೊಂದು ಬಗೆಗೂ ತಕ್ಕ ಓದು ಮತ್ತು ಉದ್ಯೋಗಗಳನ್ನು ಸೂಚಿಸಿದ್ದ ಆ ಲೇಖನ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯೊಂದಿಗೆ ಮುಗಿದಿತ್ತು. ಅದೇ ಪುಟದ ಕೆಳಭಾಗದಲ್ಲಿ, ಬೆರಳಚ್ಚು ತೆಗೆದು ಮಗುವಿನ ಪ್ರತಿಭೆ ಮತ್ತು ಸ್ವಭಾವವನ್ನು ಪತ್ತೆ ಮಾಡಿ ಕೊಡುವುದಾಗಿ ಹೇಳುವ ಜಾಹೀರಾತು ಇತ್ತು. ಲೇಖನಕ್ಕೂ ಜಾಹೀರಾತಿಗೂ ಸಂಬಂಧವಿರಲಿಕ್ಕಿಲ್ಲ ಎಂದೇ ಭಾವಿಸುತ್ತೇನೆ. ಆದರೆ ಓದುವ ಪೋಷಕರ ಮನಸ್ಸಿನಲ್ಲಿ ಅವೆರಡೂ ಒಂದಕ್ಕೊಂದು ಅಂಟಿಕೊಂಡೇ ಇಳಿಯುತ್ತವೆ. ಪದವಿಪೂರ್ವ ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಈ ಬಗ್ಗೆ ಕೊಂಚ ವಿಸ್ತಾರವಾಗಿಯೇ ಬರೆಯಬೇಕೆನಿಸಿತು. ಪತ್ರ ಉದ್ದವಾಯಿತೆನಿಸಿದರೆ ಕತ್ತರಿ ಹಾಕುವ ಅಧಿಕಾರ ನಿಮ್ಮದು. ಮುಂದೆ ಬರುವ, ಮೈಸೂರಿನಲ್ಲಿ ನಡೆದ ಅಧ್ಯಯನದ ಭಾಗವನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ.

ಅಂಥ ಬೆರಳಚ್ಚಿನ ವರದಿಯೊಂದನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಈ ಬೇಸಿಗೆಯಲ್ಲಿ ನನಗೆ ಒದಗಿತು. ತೀರ್ಥಹಳ್ಳಿಯಲ್ಲಿ ನಮ್ಮ ನೆರೆಯ ತಾಯಿಯೊಬ್ಬರು ಮಗಳ ವರದಿಯನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದು, “ಮೇಡಂ, ಇದನ್ನ ಒಂಚೂರು ನೋಡಿ ಹೇಳಿ, ಇವಳನ್ನ ಸೈನ್ಸಿಗೆ ಸೇರಿಸದಾ ಬೇಡ್ವಾ” ಎಂದು ಕೇಳಿದರು. ನುಣುಪು ಕಾಗದ, ಬಣ್ಣಬಣ್ಣದ ವೃತ್ತನಕ್ಷೆಗಳು, ಹತ್ತು ಬೆರಳುಗಳ ದೊಡ್ಡ ಚಿತ್ರಗಳು, ಒಂದೊಂದು ಬೆರಳಿನ ಸುಳಿಗೂ ಒಂದೊಂದು ಗುಣ, ಪ್ರತಿ ಗುಣಕ್ಕೂ ದಶಮಾಂಶದ ನಂತರ ಎರಡು ಅಂಕಿಯವರೆಗೆ ಶೇಕಡಾವಾರು. ಕೊನೆಯ ಪುಟದಲ್ಲಿ ಸ್ವಭಾವದ ಸಾರಾಂಶ: ಈ ಮಗು ಇತರರ ಮೆಚ್ಚುಗೆಯನ್ನು ಬಯಸುತ್ತದೆ, ಆದರೆ ಅದನ್ನು ಹೇಳಿಕೊಳ್ಳುವುದಿಲ್ಲ, ಕೆಲವೊಮ್ಮೆ ಎಲ್ಲರೊಡನೆ ಬೆರೆಯುತ್ತದೆ, ಕೆಲವೊಮ್ಮೆ ತನ್ನ ಪಾಡಿಗೆ ತಾನಿರಲು ಇಷ್ಟಪಡುತ್ತದೆ, ಸರಿಯಾದ ಪ್ರೋತ್ಸಾಹ ಸಿಕ್ಕರೆ ಉನ್ನತ ಮಟ್ಟಕ್ಕೆ ಏರುತ್ತದೆ. “ಎಷ್ಟ್ ಸರಿಯಾಗಿ ಹೇಳಿದಾರೆ ನೋಡಿ” ಎಂದು ಆ ತಾಯಿ ಬೆರಗಾಗಿದ್ದರು. ಮಗಳು ಬಾಗಿಲ ಬಳಿ ನಿಂತು ಉಗುರು ನೋಡಿಕೊಳ್ಳುತ್ತಿದ್ದಳು.

ಬೆರಳ ತುದಿಯ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡಿ, ಆ ಮೇಲೆ ಬದಲಾಗದೆ ಉಳಿಯುತ್ತವೆ ಎಂಬುದು ನಿಜ. ಅವು ವ್ಯಕ್ತಿಯ ಗುರುತು ಹಿಡಿಯಲು ನೆರವಾಗುತ್ತವೆ ಎಂಬುದೂ ನಿಜ. ಆದರೆ ಎಡಗೈ ಹೆಬ್ಬೆರಳಿನ ಸುಳಿಗೂ ನಾಯಕತ್ವಕ್ಕೂ, ಕಿರುಬೆರಳಿನ ಸುಳಿಗೂ ಗಣಿತಕ್ಕೂ ನಂಟಿದೆ ಎನ್ನಲು ಯಾವ ಆಧಾರವೂ ಇಲ್ಲ. ಈ ಪರೀಕ್ಷೆಗೆ ವೈಜ್ಞಾನಿಕ ಬುನಾದಿಯಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಆಧಾರವಿಲ್ಲದ ವರದಿ ಹೆತ್ತ ತಾಯಿಗೂ ಸರಿಯೆಂದು ತೋರುವುದು ಹೇಗೆ ಎಂಬುದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿದೆ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಎಂಬ ಮನೋವಿಜ್ಞಾನಿ ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ನಡೆಸಿ, ವಾರದ ನಂತರ ಒಬ್ಬೊಬ್ಬರಿಗೂ ‘ನಿನ್ನ ವರದಿ’ ಎಂದು ಒಂದೊಂದು ಹಾಳೆ ಕೊಟ್ಟು, ಅದು ತಮ್ಮ ಸ್ವಭಾವಕ್ಕೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಹಾಕಲು ಹೇಳಿದರು. ಸರಾಸರಿ 4.26 ಅಂಕ ಬಂತು. ಆಮೇಲೆ ಹಾಳೆಗಳನ್ನು ಹೋಲಿಸಿ ನೋಡಿದಾಗ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ. ಅದರ ಹೆಚ್ಚಿನ ವಾಕ್ಯಗಳನ್ನು ಫೋರರ್ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿದ್ದರು. ತೀರ್ಥಹಳ್ಳಿಯ ಆ ಫೈಲನ್ನು ಸಾಗರದ ಯಾವ ಮಗುವಿಗೆ ಕೊಟ್ಟಿದ್ದರೂ ಅದರ ತಾಯಿ ಅಷ್ಟೇ ಬೆರಗಾಗುತ್ತಿದ್ದರು.

ಹಾಗೆಂದು ವ್ಯಕ್ತಿತ್ವದ ಅಳತೆಯೇ ಬೊಗಳೆ ಎಂದು ತಳ್ಳಿಹಾಕುವುದು ಸರಿಯಲ್ಲ. ಈ ವಿಷಯದಲ್ಲಿ ಸುಮಾರು ನೂರು ವರ್ಷಗಳ ಗಂಭೀರ ಕೆಲಸ ನಡೆದಿದೆ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಎಂಬಿಬ್ಬರು ಮನೋವಿಜ್ಞಾನಿಗಳು ದೊಡ್ಡ ಇಂಗ್ಲಿಷ್ ನಿಘಂಟೊಂದನ್ನು ಜಾಲಾಡಿ, ಒಬ್ಬ ಮನುಷ್ಯನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ಹೇಳಲು ಬಳಸಬಹುದಾದ 17,953 ಪದಗಳನ್ನು ಪಟ್ಟಿ ಮಾಡಿದರು. ಜನರು ಪರಸ್ಪರರಲ್ಲಿ ಗಮನಿಸುವ ಮುಖ್ಯ ವ್ಯತ್ಯಾಸಗಳೆಲ್ಲ ಕಾಲಾಂತರದಲ್ಲಿ ಭಾಷೆಯೊಳಗೆ ಪದಗಳಾಗಿ ನೆಲೆಗೊಂಡಿರುತ್ತವೆ ಎಂಬುದು ಅವರ ಊಹೆ. ಆ ರಾಶಿಯಲ್ಲಿ ಒಂದರೊಡನೊಂದು ಸೇರಿ ಬರುವ ಗುಣಗಳು ಯಾವುವು ಎಂದು ಲೆಕ್ಕ ಹಾಕಿ ಅವನ್ನು ಕೆಲವೇ ಗುಂಪುಗಳಿಗೆ ಇಳಿಸಲು ನೆರವಾದದ್ದು, ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ ಅವರು 1904ರಲ್ಲಿ ಬುದ್ಧಿಶಕ್ತಿಯ ಅಧ್ಯಯನಕ್ಕೆಂದು ರೂಪಿಸಿದ ಗಣಿತದ ವಿಧಾನ. (ಅದೇ ಸ್ಪಿಯರ್‌ಮನ್ ಬಳಿ ಕಲಿತು ಬಂದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ.) ರೇಮಂಡ್ ಕ್ಯಾಟೆಲ್ ಹದಿನಾರು ಗುಣಗಳನ್ನು ಹೇಳಿದರು, ಹ್ಯಾನ್ಸ್ ಐಸೆಂಕ್ ಮೊದಲು ಎರಡು, ಆಮೇಲೆ ಮೂರು ಸಾಕೆಂದರು. 1961ರಿಂದ ಈಚೆಗೆ ಬೇರೆ ಬೇರೆ ತಂಡಗಳು ಬೇರೆ ಬೇರೆ ಜನರನ್ನು ಅಳೆದಾಗಲೂ ಮತ್ತೆ ಮತ್ತೆ ಸುಮಾರಾಗಿ ಐದೇ ಗುಂಪುಗಳು ಕಾಣಿಸಿಕೊಂಡವು: ಹೊಸ ಅನುಭವಕ್ಕೆ ತೆರೆದುಕೊಳ್ಳುವ ಗುಣ, ಶಿಸ್ತು ಮತ್ತು ಹೊಣೆಗಾರಿಕೆ, ಬಹಿರ್ಮುಖತೆ, ಇತರರೊಡನೆ ಹೊಂದಿಕೊಂಡು ಹೋಗುವ ಗುಣ, ಮತ್ತು ಬೇಗ ಕಳವಳಕ್ಕೆ ಒಳಗಾಗುವ ಗುಣ.

ಇಲ್ಲಿ ಓದುಗರು ಗಮನಿಸಬೇಕಾದದ್ದು, ಇವು ಐದು ಬಗೆಯ ಜನರಲ್ಲ, ಪ್ರತಿಯೊಬ್ಬರಲ್ಲೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇರುವ ಐದು ಗುಣಗಳು ಎಂಬುದು. ಬಹಿರ್ಮುಖತೆಯ ಅಳತೆಯಲ್ಲಿ ಎರಡು ತುದಿಗಳಲ್ಲಿರುವವರು ಕೆಲವರೇ. ಬಹುಪಾಲು ಜನ ನಡುವೆ ಎಲ್ಲೋ ಇರುತ್ತಾರೆ. ಜನರನ್ನು ಪೆಟ್ಟಿಗೆಗಳಲ್ಲಿ ಹಾಕುವ ಪರೀಕ್ಷೆಗಳು ಸೋಲುವುದು ಇಲ್ಲಿಯೇ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ಆಧರಿಸಿ ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಎಂಬ ತಾಯಿ ಮಗಳು ರೂಪಿಸಿದ, ಇಂದು ಕಂಪನಿಗಳಲ್ಲಿ ಜನಪ್ರಿಯವಾಗಿರುವ ಪರೀಕ್ಷೆ ಜನರನ್ನು ಹದಿನಾರು ಬಗೆಯಾಗಿ ವಿಂಗಡಿಸುತ್ತದೆ. ಕೆಲವೇ ವಾರಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ಬರೆದಾಗ ಅನೇಕರು ಬೇರೊಂದು ಪೆಟ್ಟಿಗೆಗೆ ಹೋಗಿ ಕುಳಿತುಕೊಳ್ಳುತ್ತಾರೆ, ಏಕೆಂದರೆ ನಡುವೆ ನಿಂತವನನ್ನು ಎಡಕ್ಕೋ ಬಲಕ್ಕೋ ತಳ್ಳಲು ಒಂದೆರಡು ಅಂಕ ಸಾಕು. ನಿಮ್ಮ ಪುರವಣಿ ಹದಿನಾರನ್ನೂ ನಾಲ್ಕಕ್ಕೆ ಇಳಿಸಿತ್ತು.

ಇದಕ್ಕಿಂತ ದೊಡ್ಡ ಪ್ರಶ್ನೆಯೊಂದು ಮನೋವಿಜ್ಞಾನದ ಒಳಗೇ ಎದ್ದು ವರ್ಷಗಟ್ಟಲೆ ಜಗಳಕ್ಕೆ ಕಾರಣವಾಯಿತು. ಒಬ್ಬನ ಗುಣ ಗೊತ್ತಾದರೆ ಅವನು ನಾಳೆ ಹೇಗೆ ವರ್ತಿಸುತ್ತಾನೆಂದು ಹೇಳಬಹುದೇ ಎಂಬುದೇ ಆ ಪ್ರಶ್ನೆ. ಅಮೆರಿಕದ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ 1920ರ ದಶಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಮೋಸ ಮಾಡುವ ಅವಕಾಶಗಳನ್ನು ಬೇಕೆಂದೇ ಒದಗಿಸಿ ನೋಡಿದರು: ತಮ್ಮ ಉತ್ತರಪತ್ರಿಕೆಗೆ ತಾವೇ ಅಂಕ ಹಾಕುವಾಗ, ಆಟದಲ್ಲಿ, ಮನೆಗೆ ಕೊಟ್ಟ ಕೆಲಸದಲ್ಲಿ, ಕೈಗೆ ಸಿಗುವಂತೆ ಬಿಟ್ಟ ಚಿಲ್ಲರೆ ಕಾಸಿನಲ್ಲಿ. ಪರೀಕ್ಷೆಯಲ್ಲಿ ನಕಲು ಮಾಡಿದ ಮಗು ಎಷ್ಟೋ ಸಲ ಕಾಸು ಮುಟ್ಟಲಿಲ್ಲ. ಕಾಸು ಎತ್ತಿಕೊಂಡ ಮಗು ಆಟದಲ್ಲಿ ಪ್ರಾಮಾಣಿಕವಾಗಿದ್ದದ್ದೂ ಉಂಟು. ಪ್ರಾಮಾಣಿಕ ಮಗು, ಕಳ್ಳ ಮಗು ಎಂದು ಎರಡು ಸಾಲು ಮಾಡಲು ಬರುವಂತಿರಲಿಲ್ಲ. 1968ರಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಷೆಲ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ, ವ್ಯಕ್ತಿತ್ವ ಪರೀಕ್ಷೆಯ ಅಂಕಕ್ಕೂ ಒಂದು ನಿರ್ದಿಷ್ಟ ಸಂದರ್ಭದ ವರ್ತನೆಗೂ ಇರುವ ಸಹಸಂಬಂಧ ಸಾಮಾನ್ಯವಾಗಿ 0.30ರ ಆಸುಪಾಸಿನಲ್ಲೇ ನಿಲ್ಲುತ್ತದೆ ಎಂದು ತೋರಿಸಿದರು. ಪೂರ್ತಿ ಹೊಂದಿಕೆಯಾದರೆ ಆ ಸಂಖ್ಯೆ 1 ಆಗುತ್ತದೆ, ಏನೂ ಸಂಬಂಧವಿಲ್ಲದಿದ್ದರೆ 0.

ಮಿಷೆಲ್ ಅವರಿಗೆ ಬಂದ ಉತ್ತರಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಸೀಮೋರ್ ಎಪ್‌ಸ್ಟೈನ್ 1979ರಲ್ಲಿ ಕೊಟ್ಟದ್ದು. ಶಿವಮೊಗ್ಗದ ಮಂಡಿಯಲ್ಲಿ ಚೀಲದ ಬಾಯಿಯಿಂದ ಒಂದೇ ಅಡಿಕೆ ಎತ್ತಿ ನೋಡಿ ಯಾರೂ ದರ ಕೂಗುವುದಿಲ್ಲ. ಅಲ್ಲಲ್ಲಿ ಕೈ ಹಾಕಿ ಮಾದರಿ ತೆಗೆದು, ಹರಡಿ, ಒಡೆದು ನೋಡಿದ ಮೇಲೆಯೇ ಇದು ರಾಶಿಯೋ ಗೊರಬಲೋ ಎಂದು ದರ್ಜೆ ಹೇಳುವ ಮಾತು. ಎಪ್‌ಸ್ಟೈನ್ ಹೇಳಿದ್ದೂ ಅದನ್ನೇ. ಒಂದು ದಿನದ ಒಂದು ವರ್ತನೆ ಇನ್ನೊಂದು ದಿನದ ಇನ್ನೊಂದು ವರ್ತನೆಯನ್ನು ಹೇಳಲಾರದು, ಆದರೆ ಹಲವು ದಿನಗಳ ಹಲವು ವರ್ತನೆಗಳ ಸರಾಸರಿ ತೆಗೆದರೆ ಆ ಸರಾಸರಿ ಸಾಕಷ್ಟು ಸ್ಥಿರವಾಗಿರುತ್ತದೆ. ಗುಣ ಎಂದು ಮನೋವಿಜ್ಞಾನಿಗಳು ಕರೆಯುವುದು ಈ ಸರಾಸರಿಯನ್ನೇ. ಹೊಣೆಗಾರಿಕೆಯ ಗುಣದಲ್ಲಿ ಹೆಚ್ಚು ಅಂಕ ಪಡೆದವರು ಒಟ್ಟಾರೆ ಕೆಲಸದಲ್ಲಿ ಉತ್ತಮವಾಗಿರುತ್ತಾರೆ, ಹೆಚ್ಚು ಕಾಲ ಬದುಕುವ ಸಾಧ್ಯತೆಯೂ ಇದೆ ಎಂಬುದು ಅನೇಕ ಅಧ್ಯಯನಗಳಲ್ಲಿ ಕಂಡಿರುವುದರಿಂದ ಆ ಸರಾಸರಿಗೆ ಬೆಲೆಯಿಲ್ಲವೆಂದು ಹೇಳಲಾಗದು. ಆದರೆ ಅದೇ ಮನುಷ್ಯ ಬರುವ ಸೋಮವಾರ ಹತ್ತು ಗಂಟೆಗೆ ಏನು ಮಾಡುತ್ತಾನೆ ಎಂಬುದನ್ನು ಅದು ಹೇಳುವುದಿಲ್ಲ.

ಸ್ವತಃ ಮಿಷೆಲ್ ಕೂಡ ಮುಂದೆ ಯೂಇಚಿ ಶೋಡಾ ಮೊದಲಾದವರೊಂದಿಗೆ ಸೇರಿ, ಬೇಸಿಗೆ ಶಿಬಿರವೊಂದರ ಮಕ್ಕಳನ್ನು ದಿನಗಟ್ಟಲೆ ಗಮನಿಸಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಟ್ಟಾರೆ ಜಗಳಗಂಟತನದಲ್ಲಿ ಸರಿಸಮನಾಗಿದ್ದ ಇಬ್ಬರು ಮಕ್ಕಳಲ್ಲಿ ಒಬ್ಬ ಓರಗೆಯವರು ಕೆಣಕಿದಾಗ ಮಾತ್ರ ಸಿಡುಕುತ್ತಿದ್ದ. ಇನ್ನೊಬ್ಬ ದೊಡ್ಡವರು ಗದರಿದಾಗ ಮಾತ್ರ. ಇಬ್ಬರಿಗೂ ‘ಜಗಳಗಂಟ’ ಎಂದು ಹೆಸರಿಟ್ಟರೆ ಇಬ್ಬರ ವಿಷಯದಲ್ಲೂ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಯಾವ ಸಂದರ್ಭದಲ್ಲಿ ಯಾವ ವರ್ತನೆ ಎಂಬ ಈ ವಿನ್ಯಾಸವೇ ಒಬ್ಬೊಬ್ಬರಲ್ಲೂ ಸ್ಥಿರವಾಗಿ ಉಳಿಯುವಂಥದ್ದು ಎಂಬುದು ಅವರ ವಾದ.

ಇದನ್ನು ಓದುವಾಗಲೆಲ್ಲ ಹೊಸನಗರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ನೆನಪಾಗುತ್ತಾಳೆ. ತರಗತಿಯಲ್ಲಿ ಅವಳು ಮುಖವೆತ್ತಿ ಮಾತಾಡಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಹಾಜರಿ ಕರೆದಾಗಲೂ ಪಕ್ಕದವಳು ಅವಳ ಪರವಾಗಿ ಕೈ ಎತ್ತುತ್ತಿದ್ದಳು. ಕೊಯ್ಲಿನ ಕಾಲದಲ್ಲಿ ಒಮ್ಮೆ ಅವರ ಮನೆಗೆ ಹೋಗುವ ಸಂದರ್ಭ ಬಂತು. ಅಂಗಳದಲ್ಲಿ ಬಲ್ಬು ಕಟ್ಟಿ, ಹತ್ತಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು. ನಡುವೆ ಇವಳು, ಕೈ ನಿಲ್ಲಿಸದೆ, ಯಾರು ಎಷ್ಟು ಸುಲಿದರೆಂಬ ಲೆಕ್ಕ ಬಾಯಲ್ಲೇ ಹೇಳುತ್ತಾ, ತನಗಿಂತ ಮೂವತ್ತು ವರ್ಷ ದೊಡ್ಡವರನ್ನು ಛೇಡಿಸುತ್ತಾ, ಊರ ಮದುವೆಯೊಂದರ ಕಥೆಯನ್ನು ಎಲ್ಲರೂ ಬಿದ್ದು ಬಿದ್ದು ನಗುವಂತೆ ಹೇಳುತ್ತಿದ್ದಳು. ನನ್ನನ್ನು ಕಂಡದ್ದೇ ತಡ, ಮಾತು ನಿಂತಿತು. ಕಾಲೇಜಿನ ದಾಖಲೆಯಲ್ಲಿ ಅವಳು ಅಂತರ್ಮುಖಿ. ಅಂಗಳದ ಹೆಂಗಸರನ್ನು ಕೇಳಿದ್ದರೆ ಅವರು ಬೇರೆಯದನ್ನೇ ಹೇಳುತ್ತಿದ್ದರು. ಎರಡರಲ್ಲಿ ಯಾವುದೂ ಸುಳ್ಳಲ್ಲ. ವ್ಯಕ್ತಿತ್ವ ಅಳೆಯುವ ಪ್ರಶ್ನಾವಳಿಯೊಂದನ್ನು ಅವಳು ತರಗತಿಯಲ್ಲಿ ಕುಳಿತು ತುಂಬಿದ್ದರೆ ಬರುವ ಉತ್ತರ ಒಂದು, ಸುಲಿಯುವ ಅಂಗಳದಲ್ಲಿ ತುಂಬಿದ್ದರೆ ಇನ್ನೊಂದು.

ಸಂದರ್ಭದ ಬಲ ಎಷ್ಟು ದೊಡ್ಡದು ಎನ್ನುವುದಕ್ಕೆ 1973ರ ಒಂದು ಪ್ರಯೋಗವನ್ನು ಪಠ್ಯಪುಸ್ತಕಗಳು ತಪ್ಪದೆ ಹೇಳುತ್ತವೆ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಮಂದಿಯನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಲಾಯಿತು. ದಾರಿಯಲ್ಲಿ ಒಬ್ಬ ಕುಸಿದು ಕುಳಿತು ನರಳುತ್ತಿದ್ದ. ಸಮಯ ಬೇಕಾದಷ್ಟಿದೆ ಎಂದುಕೊಂಡವರಲ್ಲಿ ಶೇ 63ರಷ್ಟು ಜನ ನಿಂತು ವಿಚಾರಿಸಿದರು, ತಡವಾಗಿದೆ ಎಂದು ಅವಸರಪಡಿಸಿ ಕಳಿಸಿದವರಲ್ಲಿ ಶೇ 10ರಷ್ಟು ಮಾತ್ರ. ಅವರಲ್ಲಿ ಕೆಲವರು ಹೊರಟಿದ್ದದ್ದು, ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳುವಿನ ಬೈಬಲ್ ಕಥೆಯ ಬಗ್ಗೆಯೇ ಭಾಷಣ ಮಾಡಲು. ಇದನ್ನು ಹೇಳಿ ‘ಸ್ವಭಾವ ಎಂಬುದೇ ಇಲ್ಲ, ಎಲ್ಲ ಸನ್ನಿವೇಶದ ಆಟ’ ಎಂದು ಕೈ ತೊಳೆದುಕೊಳ್ಳುವವರೂ ಇದ್ದಾರೆ, ಅದೂ ಅತಿರೇಕ. ಡೇವಿಡ್ ಫಂಡರ್ ಮತ್ತು ಡೇನಿಯಲ್ ಓಜರ್ 1983ರಲ್ಲಿ ಈ ಪ್ರಯೋಗವೂ ಸೇರಿದಂತೆ ಹೆಸರಾಂತ ಕೆಲವು ಪ್ರಯೋಗಗಳಲ್ಲಿ ಸನ್ನಿವೇಶ ಬೀರಿದ ಪರಿಣಾಮವನ್ನು ಅದೇ ಸಹಸಂಬಂಧದ ಲೆಕ್ಕಕ್ಕೆ ತಂದಾಗ, ಅದು 0.40ರ ಸುತ್ತಮುತ್ತ ಬಂತು. ಗುಣದ ಪಾಲು ಮತ್ತು ಸನ್ನಿವೇಶದ ಪಾಲು ಹೆಚ್ಚು ಕಡಿಮೆ ಒಂದೇ ಅಳತೆಯವು.

ಹೀಗಿದ್ದೂ ಇನ್ನೊಬ್ಬರ ವರ್ತನೆಗೆ ಕಾರಣ ಹುಡುಕುವಾಗ ನಾವು ಸನ್ನಿವೇಶವನ್ನು ಬಿಟ್ಟು ಸ್ವಭಾವದ ಕಡೆಗೇ ಬೊಟ್ಟು ಮಾಡುತ್ತೇವೆ. 1977ರಲ್ಲಿ ಲೀ ರಾಸ್ ಇದನ್ನು ಕಾರಣ ಹೇಳುವುದರಲ್ಲಿ ಆಗುವ ಮೂಲಭೂತ ದೋಷವೆಂದು ಕರೆದರು. ಮಳೆಗಾಲದಲ್ಲಿ ನಮ್ಮ ಶಾಲೆಗಳಲ್ಲಿ ಇದು ದಿನನಿತ್ಯ ಕಾಣಸಿಗುತ್ತದೆ. ಬೆಳಗ್ಗೆ ಇರುವ ಒಂದೇ ಬಸ್ಸು ಧರೆ ಜರಿದ ಕಡೆ ಸಿಕ್ಕಿಬಿದ್ದು, ಒದ್ದೆ ಸಮವಸ್ತ್ರದಲ್ಲಿ ಎರಡನೇ ಪೀರಿಯಡ್ಡಿಗೆ ಬಂದ ಹುಡುಗ ‘ಬೇಜವಾಬ್ದಾರಿ’. ಅದೇ ಬಸ್ಸಿನಲ್ಲಿ ಅದೇ ಹೊತ್ತಿಗೆ ಬಂದಿಳಿದ ಮೇಷ್ಟ್ರಿಗೆ ಮಾತ್ರ ರಸ್ತೆ ಸರಿಯಿಲ್ಲ.

ಇನ್ನು ಮೈಸೂರಿನ ವಿಷಯ. ಈ ದೋಷ ಎಲ್ಲ ಮನುಷ್ಯರಿಗೂ ಹುಟ್ಟಿನಿಂದ ಬಂದದ್ದೇ ಎಂದು ಪಾಶ್ಚಾತ್ಯ ಮನೋವಿಜ್ಞಾನ ಬಹಳ ಕಾಲ ಭಾವಿಸಿತ್ತು. ಜೋನ್ ಮಿಲ್ಲರ್ ಎಂಬ ಅಮೆರಿಕದ ಸಂಶೋಧಕಿ ಷಿಕಾಗೋ ಮತ್ತು ಮೈಸೂರಿನ ಮಕ್ಕಳು ಹಾಗೂ ವಯಸ್ಕರನ್ನು ಮಾತಾಡಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನ ಆ ಭಾವನೆಯನ್ನು ಅಲುಗಾಡಿಸಿತು. ನಿಮಗೆ ಗೊತ್ತಿರುವ ಯಾರೋ ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಅವರು ಹಾಗೇಕೆ ಮಾಡಿದರು ಎಂದು ವಿವರಿಸಿ ಎಂಬಷ್ಟೇ ಪ್ರಶ್ನೆ. ಎಂಟು ವರ್ಷದ ಮಕ್ಕಳ ಉತ್ತರದಲ್ಲಿ ಎರಡು ಊರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವಯಸ್ಸು ಏರಿದಂತೆ ಷಿಕಾಗೋದವರ ಉತ್ತರಗಳಲ್ಲಿ ವ್ಯಕ್ತಿಯ ಸ್ವಭಾವ ಹೆಚ್ಚುತ್ತಾ ಹೋಯಿತು. ಮೈಸೂರಿನವರ ಉತ್ತರಗಳಲ್ಲಿ ಸಂದರ್ಭ, ಸಂಬಂಧ, ಕರ್ತವ್ಯಗಳ ಮಾತು ಹೆಚ್ಚುತ್ತಾ ಹೋಯಿತು. ವಕೀಲರೊಬ್ಬರು, ತಾವೇ ಓಡಿಸುತ್ತಿದ್ದ ಮೋಟರ್ ಸೈಕಲ್ ಅಪಘಾತಕ್ಕೀಡಾದಾಗ ಗಾಯಗೊಂಡ ಹಿಂಬದಿ ಸವಾರನನ್ನು ಆಸ್ಪತ್ರೆಯಲ್ಲಿ ಬಿಟ್ಟು, ವೈದ್ಯರೊಡನೆ ಮಾತೂ ಆಡದೆ ನ್ಯಾಯಾಲಯಕ್ಕೆ ಹೋದರು, ಗಾಯಾಳು ತೀರಿಕೊಂಡ ಎಂಬುದು ಅಲ್ಲಿ ಬಂದ ಒಂದು ಪ್ರಸಂಗ. ಅಮೆರಿಕದವರು ಆ ವಕೀಲನಿಗೆ ಜವಾಬ್ದಾರಿಯಿಲ್ಲ, ತನ್ನ ಏಳಿಗೆಯೊಂದೇ ಅವನಿಗೆ ಮುಖ್ಯ ಎಂಬ ಬಗೆಯ ಕಾರಣ ಕೊಟ್ಟರೆ, ಮೈಸೂರಿನವರು ಕಕ್ಷಿದಾರನಿಗಾಗಿ ನ್ಯಾಯಾಲಯದಲ್ಲಿ ಹಾಜರಿರುವುದು ಅವರ ಕರ್ತವ್ಯವಾಗಿತ್ತು, ಗಾಬರಿಯಾಗಿರಬಹುದು, ಗಾಯ ಅಷ್ಟು ಗಂಭೀರವೆಂದು ತೋರಿರಲಿಕ್ಕಿಲ್ಲ ಎಂಬ ಬಗೆಯ ಕಾರಣಗಳನ್ನು ಕೊಟ್ಟರು.

ಇದನ್ನು ಓದಿ ನಮ್ಮವರೇ ಹೆಚ್ಚು ವಿವೇಕಿಗಳೆಂದು ಬೀಗುವ ಅಗತ್ಯವಿಲ್ಲ. ಕುಡಿದು ಹೆಂಡತಿಗೆ ಹೊಡೆಯುವವನನ್ನು ‘ಪಾಪ, ಸಹವಾಸ ದೋಷ’ ಎಂದು ಕಾಪಾಡುವುದೂ ಇದೇ ಅಭ್ಯಾಸ. ಆದರೆ ಒಬ್ಬರ ನಡೆಗೆ ಕಾರಣ ಕೇಳಿದಾಗ ಮನೆ, ಸಾಲ, ನೆಂಟಸ್ತಿಕೆ, ದಾರಿ, ಹೊತ್ತು ಎಲ್ಲವನ್ನೂ ಲೆಕ್ಕಕ್ಕೆ ತರುವ ಒಂದು ರೂಢಿ ನಮ್ಮ ನಡುವೆ ಇತ್ತು, ಅದನ್ನು ಹೊರಗಿನವರು ಬಂದು ಅಳೆದು ದಾಖಲಿಸಿದ್ದಾರೆ. ಅದೇ ನಾಡಿನಲ್ಲಿ ಈಗ ಮೂರನೇ ತರಗತಿಯ ಮಗುವಿನ ಮೇಲೆ ನಾಲ್ಕರಲ್ಲಿ ಒಂದು ಮುದ್ರೆ ಒತ್ತಲು ಹಣ ತೆತ್ತು ಸಾಲು ನಿಲ್ಲುತ್ತಿದ್ದೇವೆ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಮಲೆನಾಡಿನವರು ಸಂಕೋಚದವರು, ಬಯಲುಸೀಮೆಯವರು ನೇರ ಮಾತಿನವರು ಎಂಬ ಸಾಲೂ ನಿಮ್ಮ ಲೇಖನದಲ್ಲಿತ್ತು. ಕೇಳಲು ಹಿತವಾಗಿದೆ. 2005ರಲ್ಲಿ 49 ಸಂಸ್ಕೃತಿಗಳಲ್ಲಿ ನಡೆದ ಅಧ್ಯಯನವೊಂದು, ಒಂದು ದೇಶದ ಜನ ಹೀಗೆ ಎಂದು ಅವರೇ ನಂಬಿಕೊಂಡದ್ದಕ್ಕೂ ಅಲ್ಲಿಯ ಜನರನ್ನು ಒಬ್ಬೊಬ್ಬರಾಗಿ ಅಳೆದಾಗ ಬರುವ ಸರಾಸರಿಗೂ ಸಂಬಂಧವೇ ಕಾಣಲಿಲ್ಲ ಎಂದು ವರದಿ ಮಾಡಿತು. ದೇಶಗಳ ವಿಷಯದಲ್ಲೇ ಹೀಗಿರುವಾಗ ಘಟ್ಟದ ಮೇಲು, ಬಯಲು ಎಂಬ ಗೆರೆಯ ಮೇಲೆ ಅಷ್ಟು ಭಾರ ಹಾಕದಿರುವುದು ಒಳ್ಳೆಯದು.

ಲೇಖನದ ಕೊನೆಯ ಗಾದೆಗೆ ಬರುತ್ತೇನೆ. ಹುಟ್ಟಿಗೆ ಪಾಲಿದೆ, ಅದನ್ನು ಅಲ್ಲಗಳೆಯಲಾಗದು. ಅವಳಿಗಳ ಮೇಲೆ ನಡೆದ ಅಧ್ಯಯನಗಳು, ಅದರಲ್ಲೂ 1979ರಲ್ಲಿ ಮಿನೆಸೋಟದಲ್ಲಿ ಆರಂಭವಾದ, ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಅಧ್ಯಯನ, ಜನರ ನಡುವಿನ ಗುಣವ್ಯತ್ಯಾಸದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಅನುವಂಶೀಯತೆಗೆ ಸಲ್ಲುತ್ತದೆ ಎಂದು ತೋರಿಸಿವೆ. ಆದರೆ ಈ ‘ಅರ್ಧ’ ಎಂಬುದು ಒಂದು ಜನಸಮೂಹದೊಳಗಿನ ವ್ಯತ್ಯಾಸದ ಲೆಕ್ಕವೇ ಹೊರತು, ನನ್ನ ಮುಂಗೋಪದಲ್ಲಿ ಅರ್ಧ ಅಪ್ಪನದು, ಇನ್ನರ್ಧ ಊರಿನದು ಎಂಬ ಅರ್ಥ ಅದಕ್ಕಿಲ್ಲ. ಬದಲಾಗದು ಎಂಬ ಅರ್ಥವಂತೂ ಇಲ್ಲವೇ ಇಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ ಹಲವು ದೀರ್ಘಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇಪ್ಪತ್ತರಿಂದ ನಲವತ್ತರ ನಡುವೆ ಜನ ಸಾಮಾನ್ಯವಾಗಿ ಹೆಚ್ಚು ಹೊಣೆಗಾರರೂ ಕಡಿಮೆ ಕಳವಳದವರೂ ಆಗುತ್ತಾರೆ ಎಂದು ಕಂಡುಬಂತು. ಅದೇ ರಾಬರ್ಟ್ಸ್ 2017ರಲ್ಲಿ 207 ಅಧ್ಯಯನಗಳನ್ನು ಪರಿಶೀಲಿಸಿ, ಆಪ್ತಸಮಾಲೋಚನೆ ಮತ್ತು ಚಿಕಿತ್ಸೆ ಪಡೆದವರಲ್ಲಿ ಸರಾಸರಿ 24 ವಾರಗಳಲ್ಲಿ ಗುಣಗಳಲ್ಲೇ, ಮುಖ್ಯವಾಗಿ ಕಳವಳದ ಗುಣದಲ್ಲಿ, ಅಳೆಯಬಹುದಾದ ಬದಲಾವಣೆ ಆಗುತ್ತದೆ ಎಂದು ತೋರಿಸಿದರು. ಇದಕ್ಕೆ ಸುಡಬೇಕಾಗಿಯೂ ಇಲ್ಲ.

ಮಕ್ಕಳ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡದ್ದು ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿ ದಶಕಗಳ ಕಾಲ ನಡೆಸಿದ ಅಧ್ಯಯನ. ಹಸುಗೂಸುಗಳಲ್ಲೇ ಸ್ವಭಾವದ ಭೇದಗಳಿರುತ್ತವೆ ಎಂದು ಅವರು ಕಂಡರು: ಕೆಲವು ಸುಲಭದವು, ಕೆಲವು ಹಟದವು, ಕೆಲವು ಹೊಸದಕ್ಕೆ ಒಗ್ಗಿಕೊಳ್ಳಲು ಸಮಯ ತೆಗೆದುಕೊಳ್ಳುವವು. ಆದರೆ ಮಗು ಮುಂದೆ ತೊಂದರೆಗೆ ಸಿಲುಕುತ್ತದೋ ಇಲ್ಲವೋ ಎಂಬುದನ್ನು ಆ ಭೇದವೊಂದೇ ನಿರ್ಧರಿಸಲಿಲ್ಲ. ಮಗುವಿನ ಸ್ವಭಾವಕ್ಕೂ ಮನೆ, ಶಾಲೆಗಳು ಅದರಿಂದ ನಿರೀಕ್ಷಿಸುವುದಕ್ಕೂ ಎಷ್ಟು ಹೊಂದಿಕೆಯಿದೆ ಎಂಬುದು ನಿರ್ಧರಿಸಿತು. ನಿಧಾನವಾಗಿ ಬೆರೆಯುವ ಮಗುವಿಗೆ ಜೂನ್ ತಿಂಗಳಿಡೀ ಸಮಯ ಕೊಡುವ ಶಿಕ್ಷಕಿ ಸಿಕ್ಕರೆ ಅದು ಜುಲೈಯಲ್ಲಿ ಹಾಡುತ್ತದೆ. ಮೊದಲ ದಿನವೇ ಎದ್ದು ನಿಂತು ಪರಿಚಯ ಹೇಳು ಎಂದು ಗದರುವವರು ಸಿಕ್ಕರೆ ವರ್ಷವಿಡೀ ಕೊನೆಯ ಬೆಂಚು. ಬದಲಾಗಬೇಕಾದದ್ದು ಎಷ್ಟೋ ಸಲ ಮಗುವಲ್ಲ, ವ್ಯವಸ್ಥೆ ಎಂಬ ಈ ಮಾತನ್ನು ಹೇಳುವ ವರದಿಯನ್ನು ಯಾವ ಬೆರಳಚ್ಚಿನ ಸಂಸ್ಥೆಯೂ ಮಾರುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ವ್ಯಕ್ತಿತ್ವದ ಬಗ್ಗೆ ಲೇಖನ ಪ್ರಕಟಿಸುವುದಾದರೆ ಅದನ್ನು ಮನೋವಿಜ್ಞಾನದಲ್ಲಿ ತರಬೇತಿ ಪಡೆದವರ ಕಣ್ಣಿಗೆ ಒಮ್ಮೆ ತೋರಿಸಿ. ನಮ್ಮ ಜಿಲ್ಲೆಯಲ್ಲಿ ಅಂಥವರ ಕೊರತೆಯಿಲ್ಲ. ಮನಸ್ಸಿನ ವಿಷಯವನ್ನು ಸಾಮಾನ್ಯ ಓದುಗರಿಗೆ ಕನ್ನಡದಲ್ಲಿ ಮುಟ್ಟಿಸುವ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಅವರ ಜಿಲ್ಲೆ ಇದು. ಮನೋರಂಜನೆಗೆಂದು ಪ್ರಶ್ನಾವಳಿ ಹಾಕುವುದಾದರೆ ಅದು ಮನೋರಂಜನೆ ಎಂದೇ ಮೇಲೆ ಅಚ್ಚಾಗಲಿ. ಬೆರಳಚ್ಚಿನ ಜಾಹೀರಾತುಗಳನ್ನು ಒಪ್ಪಿಕೊಳ್ಳುವ ಮೊದಲು, ಅದರಲ್ಲಿ ಹೇಳಿಕೊಂಡದ್ದಕ್ಕೆ ಆಧಾರ ಕೇಳುವ ಪದ್ಧತಿಯನ್ನು ಜಾಹೀರಾತು ವಿಭಾಗ ರೂಢಿಸಿಕೊಳ್ಳಲಿ. ಬಸ್ ನಿಲ್ದಾಣದಲ್ಲಿ ವಿದ್ಯಾರ್ಥಿಗಳ ಹೊಡೆದಾಟವಾದರೆ ‘ಹದಿಹರೆಯದವರ ಸ್ವಭಾವವೇ ಹಾಗೆ’ ಎಂದು ತಜ್ಞರ ಹೆಸರಿಲ್ಲದ ತಜ್ಞರ ಅಭಿಪ್ರಾಯ ಹಾಕುವ ಬದಲು, ಆ ಸಂಜೆ ಎಷ್ಟು ಬಸ್ಸುಗಳು ತಪ್ಪಿದ್ದವು, ಎಷ್ಟು ಮಕ್ಕಳು ಎಷ್ಟು ಹೊತ್ತಿನಿಂದ ಕಾಯುತ್ತಿದ್ದರು ಎಂದು ನಿಮ್ಮ ವರದಿಗಾರರು ಒಂದು ಸಾಲು ವಿಚಾರಿಸಲಿ.

ಶಾಲೆಗಳವರಿಗೆ ಹೇಳುವುದು ಇಷ್ಟೇ: ಪ್ರಗತಿ ಪತ್ರದಲ್ಲಿ ‘ನಾಚಿಕೆ ಸ್ವಭಾವ’, ‘ಚಂಚಲ’, ‘ಹಟಮಾರಿ’ ಎಂದು ಬರೆಯುವ ಜಾಗದಲ್ಲಿ ಮಗು ಯಾವಾಗ, ಯಾರ ಮುಂದೆ, ಏನು ಮಾಡಿತು ಎಂದು ಬರೆಯಿರಿ. ‘ಗುಂಪಿನಲ್ಲಿ ಉತ್ತರ ಹೇಳುವುದಿಲ್ಲ, ಒಬ್ಬಳನ್ನೇ ಕೇಳಿದರೆ ಹೇಳುತ್ತಾಳೆ’ ಎಂಬ ವಾಕ್ಯ ಮುಂದಿನ ವರ್ಷದ ಶಿಕ್ಷಕರಿಗೆ ದಾರಿ ತೋರಿಸುತ್ತದೆ. ಇನ್ನು ಪೋಷಕರು. ಮಗು ನಿಜವಾಗಿಯೂ ಕಷ್ಟದಲ್ಲಿದೆ, ನಿದ್ದೆಯಿಲ್ಲ, ಊಟ ಬಿಟ್ಟಿದೆ, ಶಾಲೆಗೆ ಹೋಗುವುದೆಂದರೆ ಬೆವರುತ್ತದೆ ಎಂದಾದರೆ ಅದು ವ್ಯಕ್ತಿತ್ವದ ವರದಿಯಿಂದ ಬಗೆಹರಿಯುವ ವಿಷಯವಲ್ಲ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಭಾನುವಾರದ ಪುರವಣಿಯಲ್ಲಿ, ಆ ಜಾಹೀರಾತು ಇದ್ದ ಜಾಗದಲ್ಲಿ, ಈ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲು ಸಾಧ್ಯವೇ ಎಂದು ಪರಿಶೀಲಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕಿ, ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ